ಕೆಟ್ಟ ಪೀಸ್ ಹುಟ್ಟುವ ಜಾಗ: ಸಣ್ಣ ಕಂಪನಿಯಲ್ಲಿ ಗುಣಮಟ್ಟದ ಲೆಕ್ಕ

ಗ್ರಾಹಕರಿಂದ ಒಂದು ಡಬ್ಬ ವಾಪಸ್ ಬರುತ್ತದೆ. ಒಳಗೆ ನೂರು ಪೀಸ್, ಜೊತೆಗೆ ಒಂದು ಚೀಟಿ: ‘ಇದರಲ್ಲಿ ಆರು ಸರಿಯಾಗಿ ಕೂರುತ್ತಿಲ್ಲ.’ ಸಣ್ಣ ಕಂಪನಿಯಲ್ಲಿ ಆಮೇಲೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಾಲೀಕರು ಸ್ವಲ್ಪ ಹೊತ್ತು ಕೂಗಾಡುತ್ತಾರೆ. ಇದನ್ನು ಯಾರು ಚೆಕ್ ಮಾಡಿದ್ದು ಅಂತ ಕೇಳುತ್ತಾರೆ. ಕೊನೆಗೆ ಒಂದು ತೀರ್ಮಾನ ಆಗುತ್ತದೆ: ನಾಳೆಯಿಂದ ಪ್ಯಾಕಿಂಗಿಗೆ ಮುಂಚೆ ಇನ್ನೊಬ್ಬರು ನೋಡಬೇಕು.

ಎರಡು ವಾರ ಎಲ್ಲ ಚೆನ್ನಾಗಿರುತ್ತದೆ. ಮೂರನೇ ವಾರ ಇನ್ನೊಂದು ಡಬ್ಬ ಬರುತ್ತದೆ.

ಆ ಎರಡನೇ ಡಬ್ಬ ಯಾಕೆ ಬಂತು ಅನ್ನುವುದು ಅರ್ಥವಾದರೆ ಗುಣಮಟ್ಟ ನಿಯಂತ್ರಣದ ಮುಕ್ಕಾಲು ಭಾಗ ಅರ್ಥವಾದ ಹಾಗೆ. ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಹಿಡಿದುಕೊಳ್ಳೋಣ. ಹತ್ತು ಜನರ ಒಂದು ಕಂಪನಿ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಮಶೀನ್) ಮೇಲೆ ಅಲ್ಯೂಮಿನಿಯಂ ಬುಶ್, ಅಂದರೆ ಕೊಳವೆಯಂಥ ಸಣ್ಣ ಭಾಗ, ಮಾಡುತ್ತದೆ. ಹೊರಗಿನ ವ್ಯಾಸ 25 ಮಿಲಿಮೀಟರ್. ಡ್ರಾಯಿಂಗ್ ಪ್ರಕಾರ 0.05 ಮಿಲಿಮೀಟರ್ ಆಚೀಚೆ ಆಗಬಹುದು. ಅಂದರೆ 24.95ರಿಂದ 25.05ರವರೆಗೆ ಬಂದದ್ದು ಪಾಸ್. ನೀವು ಬಟ್ಟೆ ಹೊಲಿಯಿರಿ, ಬಾಟಲಿ ತುಂಬಿಸಿ, ಪೆಟ್ಟಿಗೆ ಅಚ್ಚು ಹಾಕಿ, ಅಳತೆಯ ಹೆಸರು ಬದಲಾಗುತ್ತದೆ, ಲೆಕ್ಕ ಅದೇ.

ಕೊನೆಯ ಮೇಜಿನ ಮೇಲೆ ಯಾಕೆ ಸಿಗುವುದಿಲ್ಲ?

ಮೊದಲನೆಯದು, ಕಣ್ಣು ದಣಿಯುತ್ತದೆ. ಐನೂರು ಪೀಸ್ ಒಂದರ ಹಿಂದೆ ಒಂದು ನೋಡುವಾಗ ನಾನೂರ ತೊಂಬತ್ತು ಚೆನ್ನಾಗಿಯೇ ಇರುತ್ತವೆ. ಕೈಗೆ ‘ಸರಿ’ ಅನ್ನುವ ಕಡೆಗೇ ಹಾಕುವ ಅಭ್ಯಾಸ ಬಿದ್ದುಬಿಡುತ್ತದೆ. ಇಬ್ಬರನ್ನು ಕೂರಿಸಿದರೆ ಇನ್ನೊಂದು ತಮಾಷೆ. ಮೊದಲನೆಯವರು ‘ಹೇಗೂ ಇನ್ನೊಬ್ಬರು ನೋಡ್ತಾರಲ್ಲ’ ಅಂದುಕೊಳ್ಳುತ್ತಾರೆ. ಎರಡನೆಯವರು ‘ಆಗಲೇ ಒಬ್ಬರು ನೋಡಿದ್ದಾರಲ್ಲ’ ಅಂದುಕೊಳ್ಳುತ್ತಾರೆ.

ಎರಡನೆಯದು, ಅಲ್ಲಿ ಸಿಕ್ಕರೂ ತಡವಾಗಿರುತ್ತದೆ. ಆ ಪೀಸ್ ಆಗಲೇ ಲೋಹ ತಿಂದಿದೆ, ಮಶೀನಿನ ಸಮಯ ತಿಂದಿದೆ, ಕರೆಂಟ್ ತಿಂದಿದೆ. ಅದು ಯಾವ ಹೊತ್ತಿನಲ್ಲಿ, ಯಾವ ಸೆಟ್ಟಿಂಗಿನಲ್ಲಿ ಕೆಟ್ಟಿತು ಅನ್ನುವುದು ಯಾರಿಗೂ ನೆನಪಿಲ್ಲ. ಸಂಜೆ ಆರಕ್ಕೆ ಸಿಕ್ಕ ಕೆಟ್ಟ ಪೀಸ್ ಬೆಳಿಗ್ಗೆ ಹತ್ತರ ಕಥೆ ಹೇಳುವುದಿಲ್ಲ.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಸ್ಯಾಂಪಲ್ ಅನ್ನುವ ಮೋಸ.

‘ಲಾಟಿನಿಂದ ಹತ್ತು ಪೀಸ್ ತೆಗೆದು ನೋಡಿದೆ, ಹತ್ತೂ ಸರಿ ಇದ್ದವು, ಕಳಿಸಿಬಿಟ್ಟೆ.’ ಈ ಮಾತನ್ನು ಎಷ್ಟು ಜನ ಹೇಳುವುದನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಲಾಟಿನಲ್ಲಿ, ಅಂದರೆ ಒಟ್ಟಿಗೆ ತಯಾರಾದ ಆ ರಾಶಿಯಲ್ಲಿ, ನೂರಕ್ಕೆ ಎರಡು ಪೀಸ್ ಕೆಟ್ಟಿವೆ ಅಂದುಕೊಳ್ಳಿ. ಒಂದು ಪೀಸ್ ಎತ್ತಿದಾಗ ಅದು ಚೆನ್ನಾಗಿರುವ ಸಾಧ್ಯತೆ 0.98. ಹತ್ತಕ್ಕೆ ಹತ್ತೂ ಚೆನ್ನಾಗಿರುವ ಸಾಧ್ಯತೆ ಬೇಕಾದರೆ ಹತ್ತು 0.98ಗಳನ್ನು ಒಂದಕ್ಕೊಂದು ಗುಣಿಸಬೇಕು. ಉತ್ತರ 0.82. ಅಂದರೆ ಇಂಥ ನೂರು ಲಾಟುಗಳಲ್ಲಿ 82 ಲಾಟುಗಳು ನಿಮ್ಮ ಹತ್ತು ಪೀಸಿನ ಪರೀಕ್ಷೆಯನ್ನು ನಗುನಗುತ್ತಾ ದಾಟಿಹೋಗುತ್ತವೆ. ಸ್ಯಾಂಪಲ್ ಐವತ್ತಕ್ಕೆ ಏರಿಸಿದರೂ ನೂರಕ್ಕೆ 36 ಲಾಟು ದಾಟುತ್ತವೆ.

ಇದಕ್ಕೆ ತಲೆಯಲ್ಲೇ ಮಾಡಬಹುದಾದ ಒಂದು ಲೆಕ್ಕವಿದೆ. ಒಂದಿಷ್ಟು ಪೀಸ್ ನೋಡಿದಿರಿ, ಒಂದೂ ಕೆಟ್ಟದ್ದು ಸಿಗಲಿಲ್ಲ. ಹಾಗಾದರೆ ಲಾಟಿನಲ್ಲಿ ಜಾಸ್ತಿ ಅಂದರೆ ಎಷ್ಟು ಕೆಟ್ಟಿರಬಹುದು? ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. 60 ಪೀಸ್ ನೋಡಿ ಎಲ್ಲ ಸರಿ ಇದ್ದರೆ, ಕೆಟ್ಟವು ನೂರಕ್ಕೆ 5ಕ್ಕಿಂತ ಕಡಿಮೆ ಅಂತ ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು. ಅಷ್ಟೇ, ಅದಕ್ಕಿಂತ ಜಾಸ್ತಿ ಹೇಳಲಾಗದು. ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಹೇಳಬೇಕಾದರೆ 300 ಪೀಸ್ ನೋಡಬೇಕು, ಒಂದೂ ಕೆಟ್ಟಿರಬಾರದು. ಹತ್ತೇ ಪೀಸ್ ನೋಡಿದ್ದರೆ? ಈ ಅಂದಾಜು ಅಷ್ಟು ಸಣ್ಣ ಸಂಖ್ಯೆಗೆ ಸರಿ ಕೂರುವುದಿಲ್ಲ. ಪೂರ್ತಿ ಲೆಕ್ಕ ಹಾಕಿದರೆ ನೂರಕ್ಕೆ 26ರವರೆಗೂ ಕೆಟ್ಟಿರಬಹುದು. ಕಾಲು ಭಾಗ ಸ್ವಾಮಿ!

ಹಾಗಾದರೆ ಸ್ಯಾಂಪಲ್ ನೋಡುವುದೇ ಬೇಡವಾ? ನೋಡಬೇಕು. ಆದರೆ ಈ ಲಾಟ್ ಪಾಸಾ ಫೇಲಾ ಅಂತ ಅದನ್ನು ಕೇಳಬಾರದು. ಮಶೀನ್ ಈಗ ಹೇಗಿದೆ ಅಂತ ಕೇಳಬೇಕು. ಆ ಪ್ರಶ್ನೆಗೆ ಸಣ್ಣ ಸ್ಯಾಂಪಲ್ ಕೂಡ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಹೇಗೆ ಅಂತ ಹೇಳುವ ಮೊದಲು ಎರಡು ಸಣ್ಣ ಅಡ್ಡಿ ದಾಟಬೇಕು.

‘ಸರಿ’ ಅಂದರೇನು, ಅಳೆದದ್ದು ಎಷ್ಟು

ವ್ಯಾಸಕ್ಕೆ ಡ್ರಾಯಿಂಗ್ ಇದೆ. ಗೀರಿಗೆ? ಬಣ್ಣಕ್ಕೆ? ಅಂಚಿನಲ್ಲಿ ಮುಳ್ಳಿನ ಹಾಗೆ ಉಳಿದ ಲೋಹದ ಸಣ್ಣ ಬರ್‌ಗೆ? ‘ಫಿನಿಶ್ ಚೆನ್ನಾಗಿರಬೇಕು’ ಅಂತ ಬರೆದಿದ್ದರೆ ಅದು ಏನೂ ಬರೆಯದ ಹಾಗೆಯೇ. ಬೆಳಗಿನ ಶಿಫ್ಟಿನವರಿಗೆ ಚೆನ್ನಾಗಿರುವುದು ರಾತ್ರಿಯವರಿಗೆ ಚೆನ್ನಾಗಿರುವುದಿಲ್ಲ. ಇದಕ್ಕೆ ಹಳೆಯ ಉಪಾಯ ಗಡಿ ಮಾದರಿ. ‘ಇಷ್ಟು ಗೀರಿದ್ದರೆ ಪಾಸ್, ಇದಕ್ಕಿಂತ ಒಂಚೂರು ಜಾಸ್ತಿಯಾದರೂ ಫೇಲ್’ ಅನ್ನುವ ಎರಡು ಪೀಸ್ ಆರಿಸಿ. ಗ್ರಾಹಕರ ಹತ್ತಿರವೂ ಒಪ್ಪಿಗೆ ತೆಗೆದುಕೊಂಡು, ಸಹಿ ಹಾಕಿಸಿ, ಮೇಜಿನ ಮೇಲೆ ಇಡಿ. ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ಎಷ್ಟು ಸೆಕೆಂಡು ನೋಡಬೇಕು ಅಂತಲೂ ಬರೆದಿಡಿ. ಕಣ್ಣಿಗೆ ಹತ್ತಿರ ಹಿಡಿದು ಲೆನ್ಸ್ ಹಾಕಿ ಹುಡುಕಿದರೆ ಪ್ರಪಂಚದ ಯಾವ ಪೀಸೂ ಪಾಸಾಗುವುದಿಲ್ಲ.

ಡ್ರಾಯಿಂಗಿನಲ್ಲಿರುವ ಇಪ್ಪತ್ತು ಅಳತೆಗಳಲ್ಲಿ ಗ್ರಾಹಕರಿಗೆ ನಿಜವಾಗಿ ತೊಂದರೆ ಕೊಡುವವು ಎರಡೋ ಮೂರೋ ಇರುತ್ತವೆ. ಅವು ಯಾವುವು ಅಂತ ಅವರನ್ನೇ ಕೇಳಿ. ಸಣ್ಣ ಕಂಪನಿಗೆ ಈ ಅನುಕೂಲ ಇದೆ, ಫೋನ್ ಎತ್ತಿದರೆ ಪೀಸ್ ಬಳಸುವವರೇ ಸಿಗುತ್ತಾರೆ.

ಇನ್ನು ಅಳತೆ. ಮಶೀನನ್ನು ಬೈಯುವ ಮೊದಲು ಅಳೆಯುವ ಸಾಧನವನ್ನು ಅನುಮಾನಿಸಿ. ಹತ್ತು ಪೀಸಿಗೆ ಮಾರ್ಕರಿನಿಂದ ಅಡಿಯಲ್ಲಿ ನಂಬರ್ ಹಾಕಿ. ಇಬ್ಬರಿಗೆ ಬೇರೆ ಬೇರೆ ಸಮಯದಲ್ಲಿ, ಕ್ರಮ ಕಲಸಿ, ಎರಡೆರಡು ಸಲ ಅಳೆಯಲು ಕೊಡಿ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಬೇಡಿ. ಒಂದೇ ಪೀಸಿಗೆ ಬಂದ ನಾಲ್ಕು ಸಂಖ್ಯೆಗಳ ನಡುವಿನ ಅಂತರ ನೋಡಿ. ಮೊದಲ ಸಲ ಇದನ್ನು ಮಾಡಿದವರ ಮುಖ ನೋಡಬೇಕು. ನಮ್ಮ ಬುಶ್‌ಗೆ ಇರುವ ಒಟ್ಟು ಅವಕಾಶವೇ 0.10 ಮಿಲಿಮೀಟರ್. ಅಳತೆಯಲ್ಲೇ 0.04 ಆಚೀಚೆ ಆಗುತ್ತಿದ್ದರೆ ಒಳ್ಳೆಯ ಪೀಸ್ ಸ್ಕ್ರ್ಯಾಪಿಗೂ ಕೆಟ್ಟ ಪೀಸ್ ಗ್ರಾಹಕರಿಗೂ ಹೋಗುತ್ತಿರುತ್ತದೆ.

ಒಂದು ರೂಢಿಯ ನಿಯಮ ಇದೆ: ಒಟ್ಟು ಅವಕಾಶದ ಹತ್ತನೇ ಒಂದು ಭಾಗವನ್ನಾದರೂ ಸಾಧನ ತೋರಿಸಬೇಕು. 0.10ಕ್ಕೆ ಹತ್ತನೇ ಒಂದು 0.01. ಮಾಮೂಲಿ ವರ್ನಿಯರ್ ತೋರಿಸುವುದು 0.02. ಆದ್ದರಿಂದ ಇಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರೇ ಬೇಕು. ಬಿಸಿಯನ್ನೂ ಮರೆಯುವ ಹಾಗಿಲ್ಲ. ಅಳತೆಗೆ ಪ್ರಪಂಚವೆಲ್ಲ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಲೇತಿನಿಂದ ಈಗಷ್ಟೇ ಇಳಿದ ಅಲ್ಯೂಮಿನಿಯಂ ಬುಶ್ ಅದಕ್ಕಿಂತ 30 ಡಿಗ್ರಿ ಬಿಸಿ ಇದ್ದರೆ ಅದರ ವ್ಯಾಸ ಸುಮಾರು 0.017 ಮಿಲಿಮೀಟರ್ ಜಾಸ್ತಿ ತೋರಿಸುತ್ತದೆ. ಮಶೀನ್ ಪಕ್ಕದಲ್ಲಿ ಫೇಲ್ ಆದ ಪೀಸ್ ಊಟ ಮುಗಿಸಿ ಬರುವಷ್ಟರಲ್ಲಿ ಪಾಸ್ ಆಗಿರುವ ಪವಾಡದ ಹಿಂದಿನ ಗುಟ್ಟು ಇದೇ.

1924ರ ಒಂದು ಹಾಳೆ

ಈಗ ವಿಷಯದ ಹೊಟ್ಟೆಗೆ ಬರೋಣ.

1924ರ ಮೇ 16ರಂದು ವಾಲ್ಟರ್ ಶೂಹಾರ್ಟ್ ಅನ್ನುವ ಭೌತವಿಜ್ಞಾನಿ ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ಅಮೆರಿಕದಲ್ಲಿ ಟೆಲಿಫೋನ್ ಸಾಮಾನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಆ ಪುಟದಲ್ಲಿ ಒಂದು ಚಿತ್ರವಿತ್ತು. ಸಾಲಾಗಿ ಚುಕ್ಕಿಗಳು, ಅವುಗಳ ಮೇಲೆ ಕೆಳಗೆ ಗೆರೆ. ಇವತ್ತು ಕಂಟ್ರೋಲ್ ಚಾರ್ಟ್ ಅಂತ ಕರೆಯುವುದು ಅದನ್ನೇ.

ಶೂಹಾರ್ಟ್ ಹೇಳಿದ ಮಾತು ಕೇಳಲು ಸುಲಭ. ಯಾವ ಕೆಲಸದಲ್ಲೂ ಎರಡು ಥರದ ಏರುಪೇರು ಇರುತ್ತದೆ. ಒಂದು, ಆ ಕೆಲಸದ ಸ್ವಭಾವದಲ್ಲೇ ಇರುವುದು. ಮಶೀನಿನ ನಡುಕ, ಲೋಹದ ಗಟ್ಟಿತನದಲ್ಲಿ ಸಣ್ಣ ವ್ಯತ್ಯಾಸ, ಕೂಲೆಂಟಿನ ಬಿಸಿ, ಇಂಥ ನೂರು ಚಿಲ್ಲರೆ ಕಾರಣಗಳು ಸೇರಿ ಅಳತೆಯನ್ನು ಅತ್ತಿತ್ತ ಅಲ್ಲಾಡಿಸುತ್ತಿರುತ್ತವೆ. ಇನ್ನೊಂದು, ಹೊರಗಿನಿಂದ ಬಂದು ಸೇರಿದ್ದು. ಟೂಲ್ ತುದಿ ಮುರಿಯಿತು, ಬೇರೆ ಬಾರ್ (ಲೋಹದ ಸರಳು) ಹಾಕಿದರು, ಹೊಸಬರು ಸೆಟ್ಟಿಂಗ್ ಮಾಡಿದರು. ಮೊದಲನೆಯದಕ್ಕೆ ಪ್ರತಿ ಸಲ ಕಾರಣ ಹುಡುಕುತ್ತಾ ಕೂತರೆ ಹುಚ್ಚು ಹಿಡಿಯುತ್ತದೆ. ಎರಡನೆಯದನ್ನು ಕಂಡೂ ಸುಮ್ಮನಿದ್ದರೆ ಡಬ್ಬ ವಾಪಸ್ ಬರುತ್ತದೆ. ಯಾವುದು ಯಾವುದು ಅಂತ ಬಿಡಿಸಿ ಹೇಳುವುದೇ ಚಾರ್ಟಿನ ಕೆಲಸ.

ಬಿಡಿಸದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಲೇತ್ ಮುಂದೆ ದಿನವೂ ನಡೆಯುವ ಒಂದು ಪ್ರಸಂಗ ಸಾಕು. ಆಪರೇಟರ್ ತುಂಬಾ ಶ್ರದ್ಧೆಯವರು. ಒಂದು ಪೀಸ್ 25.02 ಬಂತು. ತಕ್ಷಣ ಮಶೀನಿನ ಅಳತೆ ತಿದ್ದುವ ಆಫ್‌ಸೆಟ್ಟಿನಲ್ಲಿ 0.02 ಕಡಿಮೆ ಮಾಡುತ್ತಾರೆ. ಮುಂದಿನದು 24.98 ಬಂತು. ಈಗ 0.02 ಏರಿಸುತ್ತಾರೆ. ಹೀಗೆ ಪ್ರತಿ ಪೀಸಿಗೂ ತಿದ್ದುತ್ತಾ ಹೋಗುತ್ತಾರೆ. ನೋಡಿದವರಿಗೆ ‘ಎಂಥ ಕಾಳಜಿ!’ ಅನಿಸುತ್ತದೆ. ಆದರೆ ಮಶೀನ್ ತನ್ನ ಪಾಡಿಗೆ ಸಹಜವಾಗಿ ಅಲ್ಲಾಡುತ್ತಿದ್ದಾಗ ಹೀಗೆ ಪ್ರತಿ ಸಲ ತಿದ್ದಿದರೆ, ಏರುಪೇರಿನ ಹರವು ಸುಮಾರು ಶೇಕಡಾ 41ರಷ್ಟು ಜಾಸ್ತಿಯಾಗುತ್ತದೆ. ಇದು ಶುದ್ಧ ಗಣಿತ. ಮಶೀನಿನ ಅಲ್ಲಾಟದ ಮೇಲೆ ನಮ್ಮ ತಿದ್ದುಪಡಿಯ ಅಲ್ಲಾಟವೂ ಸೇರಿಕೊಳ್ಳುತ್ತದೆ. ಸುಮ್ನೆ ಕೈಕಟ್ಟಿ ಕೂತಿದ್ದರೂ ಇದಕ್ಕಿಂತ ಒಳ್ಳೆಯ ಪೀಸ್ ಬರುತ್ತಿದ್ದವು.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಆಲಿಕೆ ಮತ್ತು ಗೋಲಿ ಹಿಡಿದು ತೋರಿಸುತ್ತಿದ್ದರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಇಂಜಿನಿಯರುಗಳಿಗೂ ಕಂಪನಿಗಳ ಮುಖ್ಯಸ್ಥರಿಗೂ ಪಾಠ ಮಾಡಿದ್ದು ಇವರೇ. ಅವರ ಇನ್ನೊಂದು ಆಟ ನನಗೆ ಇನ್ನೂ ಇಷ್ಟ. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿ, 800 ಕೆಂಪು ಮಣಿ. ಐವತ್ತು ಗುಳಿಗಳಿರುವ ಒಂದು ಹಲಗೆಯನ್ನು ಅದರಲ್ಲಿ ಮುಳುಗಿಸಿ ಎತ್ತಬೇಕು. ಕೆಂಪು ಮಣಿ ಬಂದರೆ ಅದು ಕೆಟ್ಟ ಪೀಸ್. ‘ಕೆಲಸಗಾರರು’ ಒಬ್ಬೊಬ್ಬರಾಗಿ ಎತ್ತುತ್ತಾರೆ. ಒಬ್ಬರಿಗೆ 6 ಕೆಂಪು, ಇನ್ನೊಬ್ಬರಿಗೆ 14 ಅಂದುಕೊಳ್ಳಿ. ಆರು ಬಂದವರಿಗೆ ಬಹುಮಾನ, ಹದಿನಾಲ್ಕು ಬಂದವರಿಗೆ ಎಚ್ಚರಿಕೆ. ಮುಂದಿನ ಸುತ್ತಿನಲ್ಲಿ ಸ್ಥಾನ ಬದಲಾಗುತ್ತದೆ. ಐದಕ್ಕೆ ಒಂದು ಮಣಿ ಕೆಂಪಗಿರುವಾಗ 6 ಬರುವುದೂ 14 ಬರುವುದೂ ಸಹಜವೇ, ಎತ್ತುವವರ ಕೈಯಲ್ಲಿ ಏನೂ ಇಲ್ಲ. ಪೆಟ್ಟಿಗೆಯಿಂದ ಕೆಂಪು ಮಣಿ ತೆಗೆಯಬೇಕಾದವರು ಪೆಟ್ಟಿಗೆಯ ಯಜಮಾನರು. ತಿಂಗಳಿಗೊಮ್ಮೆ ‘ಅತಿ ಕಡಿಮೆ ರಿಜೆಕ್ಷನ್’ ಪ್ರಶಸ್ತಿ ಕೊಡುವವರು ಈ ಆಟವನ್ನು ಒಂದು ಸಲ ಆಡಿ ನೋಡಬೇಕು.

ಚಾರ್ಟ್ ಹಾಕುವುದಕ್ಕೆ ಸಾಫ್ಟ್‌ವೇರ್ ಬೇಡ, ಚೌಕುಳಿ ಹಾಳೆ ಸಾಕು. ಗಂಟೆಗೊಂದು ಪೀಸ್ ಅಳೆಯಿರಿ. ಇಪ್ಪತ್ತು ಸಂಖ್ಯೆಗಳಾಗಲಿ. ಮೊದಲು ಅವುಗಳ ಸರಾಸರಿ ತೆಗೆಯಿರಿ. ಆಮೇಲೆ ಪ್ರತಿ ಅಳತೆಗೂ ಅದರ ಹಿಂದಿನ ಅಳತೆಗೂ ಇರುವ ವ್ಯತ್ಯಾಸ ಬರೆಯಿರಿ. ಕೂಡೋ ಕಳೆಯೋ ಗುರುತು ಬೇಡ, ಬರೀ ಅಂತರ. ಆ ಅಂತರಗಳ ಸರಾಸರಿಯನ್ನು 2.66ರಿಂದ ಗುಣಿಸಿ. ಬಂದದ್ದನ್ನು ಮೊದಲ ಸರಾಸರಿಗೆ ಕೂಡಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ.

ನಮ್ಮ ಬುಶ್‌ಗೆ ಸರಾಸರಿ 25.010 ಬಂತು, ಅಂತರಗಳ ಸರಾಸರಿ 0.010 ಬಂತು ಅನ್ನೋಣ. 0.010ನ್ನು 2.66ರಿಂದ ಗುಣಿಸಿದರೆ 0.027ರ ಹತ್ತಿರ. ಗೆರೆಗಳು 25.037 ಮತ್ತು 24.983. ಈ ಗೆರೆಗಳಿಗೂ ಡ್ರಾಯಿಂಗಿನ 25.05, 24.95ಕ್ಕೂ ಸಂಬಂಧವೇ ಇಲ್ಲ. ಡ್ರಾಯಿಂಗ್ ಹೇಳುವುದು ಗ್ರಾಹಕರಿಗೆ ಏನು ಬೇಕು ಅಂತ. ಗೆರೆ ಹೇಳುವುದು ಮಶೀನ್ ಏನು ಕೊಡುತ್ತಿದೆ ಅಂತ. ಇವೆರಡನ್ನೂ ಒಂದೇ ಅಂದುಕೊಂಡು, ಡ್ರಾಯಿಂಗಿನ ಸಂಖ್ಯೆಗಳನ್ನೇ ಚಾರ್ಟಿನ ಗೆರೆಯಾಗಿ ಎಳೆಯುವುದು ಎಲ್ಲೆಲ್ಲೂ ಕಾಣುವ ತಪ್ಪು.

ಇನ್ನು ಮುಂದೆ ನಿಯಮ ಎರಡೇ. ಚುಕ್ಕಿ ಗೆರೆ ದಾಟಿದರೆ ನಿಲ್ಲಿಸಿ, ಕಾರಣ ಹುಡುಕಿ. ಎಂಟು ಚುಕ್ಕಿ ಸಾಲಾಗಿ ಸರಾಸರಿಯ ಒಂದೇ ಪಕ್ಕದಲ್ಲಿ ಬಿದ್ದರೂ ನಿಲ್ಲಿಸಿ. ನಾಣ್ಯ ಎಂಟು ಸಲ ಚಿಮ್ಮಿದಾಗ ಎಂಟೂ ಸಲ ಒಂದೇ ಮುಖ ಬೀಳುವುದು 128ಕ್ಕೆ ಒಂದು ಸಲ. ಆಗ ನಾಣ್ಯದ ಮೇಲೆ ಅನುಮಾನ ಬರಬೇಕು, ಅಲ್ವಾ? ಬೇರೆ ಯಾವ ಹೊತ್ತಿನಲ್ಲೂ ಆಫ್‌ಸೆಟ್ ಮುಟ್ಟುವ ಹಾಗಿಲ್ಲ.

ಟೂಲ್ ಸವೆಯುವುದನ್ನು ಈ ಹಾಳೆಯಲ್ಲಿ ನೋಡುವುದೇ ಒಂದು ಖುಷಿ. ತುದಿ ಸವೆದ ಹಾಗೆ ಅದು ಕಡಿಮೆ ಕೊರೆಯುತ್ತದೆ, ಹೊರಗಿನ ವ್ಯಾಸ ಮೆಲ್ಲಗೆ ದೊಡ್ಡದಾಗುತ್ತದೆ. ಚುಕ್ಕಿಗಳು ಮೆಟ್ಟಿಲು ಹತ್ತುವ ಹಾಗೆ ಮೇಲೇರುತ್ತವೆ. 25.037 ದಾಟಿದ ಚುಕ್ಕಿ ನಿಮ್ಮನ್ನು ಕರೆದಾಗ ಆ ಪೀಸ್ ಇನ್ನೂ ಪಾಸ್ ಆಗಿಯೇ ಇರುತ್ತದೆ. ಒಂದೂ ಕೆಟ್ಟ ಪೀಸ್ ಹುಟ್ಟುವ ಮೊದಲೇ ಟೂಲ್ ಬದಲಾಯಿಸಿರುತ್ತೀರಿ. ಕೊನೆಯ ಮೇಜಿನ ಮೇಲೆ ಎಷ್ಟು ಜನ ಚೆಕ್ ಮಾಡುವವರನ್ನು ಕೂರಿಸಿದರೂ ಸಿಗದ ಸುದ್ದಿ ಇದು.

ಎಣಿಸುವುದು, ಕೇಳುವುದು

ಯಾವ ತೊಂದರೆಗೆ ಮೊದಲು ಕೈ ಹಾಕಬೇಕು? ರಿಜೆಕ್ಟ್ ಆದ ಪೀಸ್ ಹಾಕುವ ಕೆಂಪು ಡಬ್ಬದ ಮೇಲೆ ಒಂದು ಹಾಳೆ ಅಂಟಿಸಿ. ಗೀರು, ವ್ಯಾಸ ಜಾಸ್ತಿ, ವ್ಯಾಸ ಕಡಿಮೆ, ಬರ್, ಇತರೆ. ಪೀಸ್ ಹಾಕುವವರು ಒಂದು ಕಡ್ಡಿ ಎಳೆಯಲಿ. ಒಂದು ತಿಂಗಳು ಸಾಕು. ಸಾಮಾನ್ಯವಾಗಿ ಒಂದೆರಡು ಸಾಲುಗಳಲ್ಲೇ ಕಡ್ಡಿ ತುಂಬಿಹೋಗಿರುತ್ತದೆ. ಈ ‘ಕೆಲವೇ ಮುಖ್ಯ’ ಅನ್ನುವ ವಿಚಾರಕ್ಕೆ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಅವರ ಹೆಸರಿಟ್ಟವರು ಗುಣಮಟ್ಟ ತಜ್ಞ ಜೋಸೆಫ್ ಜುರಾನ್. ‘ಇತರೆ’ ಸಾಲೇ ಎಲ್ಲಕ್ಕಿಂತ ಉದ್ದ ಬೆಳೆದಿದ್ದರೆ ನಿಮ್ಮ ಹಾಳೆ ಸರಿಯಿಲ್ಲ, ಬೇರೆ ಬರೆಯಿರಿ.

ಆಮೇಲೆ ‘ಯಾಕೆ’ ಅಂತ ಐದು ಸಲ ಕೇಳಿ ಅನ್ನುತ್ತಾರೆ. ಟೊಯೋಟಾದ ತೈಚಿ ಓನೊ ಜನಪ್ರಿಯ ಮಾಡಿದ ವಿಧಾನ. ಒಳ್ಳೆಯದೇ, ಆದರೆ ಐದು ಅನ್ನುವುದರಲ್ಲಿ ಮಂತ್ರವೇನಿಲ್ಲ. ಬುಶ್ ಮೇಲೆ ಗೀರು ಯಾಕೆ? ಪೀಸ್‌ಗೆ ಪೀಸ್ ಉಜ್ಜಿತು. ಯಾಕೆ ಉಜ್ಜಿತು? ಟ್ರೇಗೆ ಎಸೆದರು. ಇಲ್ಲಿಗೆ ಬಂದ ತಕ್ಷಣ ಹೆಚ್ಚಿನವರು ‘ಆಪರೇಟರಿಗೆ ಗಮನವಿಲ್ಲ’ ಅಂತ ಬರೆದು ಫೈಲ್ ಮುಚ್ಚುತ್ತಾರೆ. ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬಂದರೆ ನೀವು ಇನ್ನೂ ದಾರಿಯ ಮಧ್ಯದಲ್ಲಿದ್ದೀರಿ. ಯಾಕೆ ಎಸೆದರು? ಟ್ರೇ ಮಶೀನಿನಿಂದ ಎರಡು ಹೆಜ್ಜೆ ದೂರ ಇದೆ, ಮುಂದಿನ ಪೀಸ್ ಕಾಯುತ್ತಿದೆ. ಯಾಕೆ ದೂರ? ಪಕ್ಕದಲ್ಲಿ ಕೊರೆದು ಬಿದ್ದ ಲೋಹದ ಚೂರು ತುಂಬುವ ಡ್ರಮ್ ಇಟ್ಟಿದ್ದಾರೆ. ಆಹ್! ಡ್ರಮ್ ಜರುಗಿಸಬಹುದು. ಕೈಯಿಂದ ಮುಟ್ಟಿ ಬದಲಾಯಿಸಬಹುದಾದ ವಸ್ತು ಸಿಗುವವರೆಗೂ ಕೇಳಬೇಕು.

ಮೀನಿನ ಮೂಳೆ ಚಿತ್ರದ ಬಗ್ಗೆಯೂ ಹೇಳಬೇಕು, ಜಪಾನಿನ ಕೌರು ಇಶಿಕಾವಾ ಕೊಟ್ಟದ್ದು. ಮನುಷ್ಯ, ಮಶೀನ್, ಸಾಮಗ್ರಿ, ವಿಧಾನ ಅಂತ ಕಾರಣಗಳನ್ನು ಮೂಳೆ ಮೂಳೆಯಾಗಿ ಬರೆಯುವುದು. ಹತ್ತು ಜನ ಕೂತು ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಎಣಿಸುವ ಮೊದಲೇ ಮೂಳೆ ಬರೆದರೆ ಗಟ್ಟಿ ದನಿ ಇರುವವರ ಊಹೆಯೇ ದಪ್ಪ ಮೂಳೆಯಾಗುತ್ತದೆ.

ಇನ್ನೊಂದು ಸಂಖ್ಯೆ. ನಿಮ್ಮ ಪೀಸ್ ಹತ್ತು ಹಂತ ದಾಟಿ ಹೊರಹೋಗುತ್ತದೆ, ಪ್ರತಿ ಹಂತದಲ್ಲೂ ನೂರಕ್ಕೆ 98 ಸರಿ ಅನ್ನೋಣ. ಕೇಳಲು ಚೆನ್ನಾಗಿದೆ. ಹತ್ತೂ ಹಂತವನ್ನು ಎಲ್ಲೂ ಎಡವದೆ ದಾಟುವುದು ಎಷ್ಟು? 0.98ನ್ನು ಮತ್ತೆ ಹತ್ತು ಸಲ. ಅದೇ 82! ನೂರಕ್ಕೆ 18 ಪೀಸಿಗೆ ಎಲ್ಲೋ ಒಂದು ಕಡೆ ರೀವರ್ಕ್, ಅಂದರೆ ಮತ್ತೆ ಸರಿ ಮಾಡುವ ಕೆಲಸ, ಆಗಿದೆ ಅಥವಾ ಸ್ಕ್ರ್ಯಾಪಿಗೆ ಹೋಗಿದೆ. ತಿಂಗಳ ಕೊನೆಯ ಲೆಕ್ಕದಲ್ಲಿ ಸ್ಕ್ರ್ಯಾಪ್ ಮಾತ್ರ ಕಾಣುತ್ತದೆ. ಮೂಲೆಯಲ್ಲಿ ಕೂತು ಅರ ಹಿಡಿದು ಬರ್ ಉಜ್ಜುವವರ ದಿನಗೂಲಿ ರೀವರ್ಕ್ ಅಂತ ಎಲ್ಲೂ ಬರೆದಿರುವುದಿಲ್ಲ. ನಿಮ್ಮ ಕಂಪನಿಯಲ್ಲಿ ‘ಸರಿ ಮಾಡುವ ಮೇಜು’ ಅಂತ ಒಂದು ಕಾಯಂ ಆಗಿದ್ದರೆ, ಅಲ್ಲಿಂದಲೇ ಎಣಿಸಲು ಶುರುಮಾಡಿ.

ಮರೆಯಲಾಗದ ಹಾಗೆ ಮಾಡುವುದು, ನಿಲ್ಲಿಸುವುದು

1961ರಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಸಣ್ಣ ಸ್ವಿಚ್ ಜೋಡಿಸುತ್ತಿದ್ದರು. ಎರಡು ಸ್ಪ್ರಿಂಗ್ ಹಾಕಬೇಕು. ಆಗಾಗ ಒಂದು ಮರೆತುಹೋಗುತ್ತಿತ್ತು. ‘ಹುಷಾರಾಗಿ ಮಾಡಿ’ ಅಂತ ಎಷ್ಟು ಹೇಳಿದರೂ ಅಷ್ಟೇ. ಶಿಗೆಯೊ ಶಿಂಗೊ ಅನ್ನುವ ಇಂಜಿನಿಯರ್ ಬಂದು ಹೇಳಿದ್ದು ಇಷ್ಟು: ಜೋಡಿಸುವ ಮೊದಲು ಡಬ್ಬದಿಂದ ಎರಡು ಸ್ಪ್ರಿಂಗ್ ತೆಗೆದು ಒಂದು ಸಣ್ಣ ತಟ್ಟೆಯಲ್ಲಿ ಇಟ್ಟುಕೊಳ್ಳಿ. ಜೋಡಿಸಿದ ಮೇಲೆ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತಿದ್ದೀರಿ. ಮುಗಿಯಿತು. ಮರೆಯುವುದನ್ನು ನಿಲ್ಲಿಸಲು ಅವರು ಹೋಗಲೇ ಇಲ್ಲ. ಮರೆತದ್ದು ಆ ಕ್ಷಣವೇ ಕಣ್ಣಿಗೆ ಬೀಳುವ ಹಾಗೆ ಮಾಡಿದರು.

ಈ ಥರದ ಉಪಾಯಕ್ಕೆ ಮೊದಲು ‘ದಡ್ಡರಿಗೂ ತಪ್ಪದ್ದು’ ಅನ್ನುವ ಅರ್ಥದ ಹೆಸರಿತ್ತು. ಅದನ್ನು ಕೇಳಿ ಒಬ್ಬ ಕೆಲಸಗಾರ್ತಿ ಅತ್ತುಬಿಟ್ಟರಂತೆ, ನಾನೇನು ದಡ್ಡಳಾ ಅಂತ. ಶಿಂಗೊ ಹೆಸರು ಬದಲಿಸಿ ‘ಪೋಕಾ ಯೋಕೆ’ ಅಂದರು. ಕೈತಪ್ಪು ತಡೆಯುವುದು ಅಂತ ಅರ್ಥ. ಹೆಸರಿನ ವಿಷಯ ಸಣ್ಣದಲ್ಲ. ತಪ್ಪು ಮಾಡುವವರನ್ನು ದಡ್ಡರು ಅನ್ನುವ ಕಡೆ ಯಾರೂ ತಪ್ಪು ತೋರಿಸುವುದಿಲ್ಲ.

ಸಣ್ಣ ಕಂಪನಿಗೆ ಇದಕ್ಕಿಂತ ಅಗ್ಗದ ಔಷಧಿ ಇನ್ನೊಂದಿಲ್ಲ. ಪೀಸ್ ಉಲ್ಟಾ ಇಟ್ಟರೆ ಕೂರದ ಹಾಗೆ ಪೀಸ್ ಹಿಡಿದುಕೊಳ್ಳುವ ಫಿಕ್ಸ್ಚರಿಗೆ ಒಂದು ಪಿನ್. ಹತ್ತೇ ಗುಳಿ ಇರುವ ಟ್ರೇ, ಒಂದು ಖಾಲಿ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಪ್ಯಾಕ್ ಮಾಡಿದ ಪೆಟ್ಟಿಗೆಯನ್ನು ತೂಗಿದರೆ ಒಳಗೆ ಒಂದು ಕಮ್ಮಿ ಇರುವುದು ಗೊತ್ತಾಗುತ್ತದೆ. ಇಂಥವನ್ನು ಚೆನ್ನಾಗಿ ಯೋಚಿಸುವವರು ಆ ಕೆಲಸವನ್ನು ದಿನಾ ಮಾಡುವವರೇ, ಕೇಳುವವರು ಬೇಕು ಅಷ್ಟೇ.

ಶೂಹಾರ್ಟ್ ಆ ಹಾಳೆ ಬರೆದ ವರ್ಷವೇ, 1924ರಲ್ಲಿ, ಜಪಾನಿನಲ್ಲಿ ಸಕಿಚಿ ಟೊಯೋಡಾ ಒಂದು ಮಗ್ಗ ಪೂರ್ತಿ ಮಾಡಿದ್ದರು. ನೂಲು ಹರಿದರೆ ಅದು ತಾನಾಗಿ ನಿಂತುಬಿಡುತ್ತಿತ್ತು. ಹರಿದ ನೂಲಿನಲ್ಲೇ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಲ್ಲುವುದು ಲಾಭ. ಅವರ ಕುಟುಂಬದ ಕಾರು ಕಂಪನಿ ಟೊಯೋಟಾದಲ್ಲಿ ಮುಂದೆ ಯಾವ ಕೆಲಸಗಾರರು ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು ಅನ್ನುವ ಪದ್ಧತಿ ಬಂದದ್ದು ಇದೇ ಯೋಚನೆಯಿಂದ.

ನನ್ನ ಅಭಿಪ್ರಾಯದಲ್ಲಿ ಸಣ್ಣ ಕಂಪನಿಯ ಗುಣಮಟ್ಟ ನಿಂತಿರುವುದು ಇಲ್ಲಿ. ಚಾರ್ಟ್ ಹಾಕಿದಿರಿ, ಚುಕ್ಕಿ ಗೆರೆ ದಾಟಿತು, ಆಪರೇಟರ್ ಮಶೀನ್ ನಿಲ್ಲಿಸಿದರು. ಲೋಡ್ ಹೋಗಬೇಕಾದದ್ದು ಸಂಜೆಗೆ. ಮಾಲೀಕರು ಬಂದು ಆಡುವ ಮೊದಲ ಮಾತು ‘ಯಾಕಪ್ಪಾ ನಿಲ್ಲಿಸಿದೆ?’ ಅಂತ ಸಿಡುಕಿನದ್ದಾದರೆ ಆ ಮಶೀನ್ ಮತ್ತೆ ನಿಲ್ಲುವುದಿಲ್ಲ, ಚುಕ್ಕಿಗಳೂ ಇನ್ನು ಗೆರೆ ದಾಟುವುದಿಲ್ಲ. ‘ಏನು ಕಂಡಿತು, ತೋರಿಸಿ’ ಅಂತಾದರೆ ಪೂರ್ತಿ ಬೇರೆ ಕಥೆ. ದೊಡ್ಡ ಕಂಪನಿಯಲ್ಲಿ ಈ ಮಾತು ಐದು ಜನರನ್ನು ದಾಟಿ ಬರಬೇಕು. ಹತ್ತು ಜನರಿರುವಲ್ಲಿ ಎಲ್ಲರೂ ಅದನ್ನು ಕಿವಿಯಾರೆ ಕೇಳುತ್ತಾರೆ.

ಉಳಿದ ಕೆಲವು ಅಭ್ಯಾಸಗಳನ್ನು ಬೇಗ ಹೇಳಿಬಿಡುತ್ತೇನೆ. ಪ್ರತಿ ಸೆಟ್ಟಿಂಗ್ ಆದ ಮೇಲೆ ಮೊದಲ ಪೀಸನ್ನು ಪೂರ್ತಿ ಅಳೆಯದೆ ಎರಡನೆಯದು ಮಾಡಬಾರದು. ಕೊನೆಯ ಪೀಸನ್ನೂ ಅಳೆಯಿರಿ. ಮಶೀನ್ ನಿಧಾನವಾಗಿ ಜಾರುವಂಥ ಕೆಲಸದಲ್ಲಿ ಮೊದಲನೆಯದೂ ಕೊನೆಯದೂ ಸರಿ ಇದ್ದರೆ ನಡುವಿನವು ಸರಿ ಇರುವ ಭರವಸೆ ಜಾಸ್ತಿ. ಡಬ್ಬದ ಮೇಲೆ ಲಾಟ್ ನಂಬರ್ ಇರಲಿ, ಆ ನಂಬರಿನಿಂದ ಯಾವ ದಿನ, ಯಾವ ಮಶೀನ್, ಯಾವ ಬಾರ್ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಆರು ಪೀಸಿನ ದೂರಿಗೆ ಆರು ಸಾವಿರ ಪೀಸ್ ವಾಪಸ್ ತರಿಸಬೇಕಾಗುತ್ತದೆ. ಕೆಂಪು ಡಬ್ಬಕ್ಕೆ ಬೀಗ ಹಾಕಿ. ಬೀಗವಿಲ್ಲದ ಕೆಂಪು ಡಬ್ಬದಿಂದ ತಿಂಗಳ ಕೊನೆಯಲ್ಲಿ ಪೀಸ್‌ಗಳು ಎದ್ದು ನಡೆದುಹೋಗುತ್ತವೆ.

ಐಎಸ್‌ಒ 9001 ಬೇಕಾ ಅಂತ ಕೇಳುವವರಿದ್ದಾರೆ. ಗುಣಮಟ್ಟ ನಿರ್ವಹಣೆಗೆ 1987ರಲ್ಲಿ ಮೊದಲು ಬಂದ ಅಂತರರಾಷ್ಟ್ರೀಯ ಮಾನದಂಡ ಇದು. ಗ್ರಾಹಕರು ಕೇಳಿದರೆ ತೆಗೆದುಕೊಳ್ಳಿ, ಕೆಲಸಕ್ಕೆ ಒಂದು ಶಿಸ್ತು ಬರುತ್ತದೆ. ಆದರೆ ದಪ್ಪ ಕೈಪಿಡಿ ಬರೆಸಿ ಕಪಾಟಿನಲ್ಲಿಟ್ಟರೆ ಏನೂ ಆಗುವುದಿಲ್ಲ. 2015ರ ಆವೃತ್ತಿಯಲ್ಲಿ ಅಂಥ ಗುಣಮಟ್ಟ ಕೈಪಿಡಿ ಕಡ್ಡಾಯ ಅನ್ನುವುದನ್ನೇ ತೆಗೆದಿದ್ದಾರೆ. ಪಾಪ, ಇನ್ನೂ ಎಷ್ಟೋ ಕಡೆ ಅದನ್ನು ಬರೆಸುತ್ತಲೇ ಇದ್ದಾರೆ.

ಚಾರ್ಟ್ ಶುರುಮಾಡಿ ಎರಡು ತಿಂಗಳಾದ ಮೇಲೆ ಒಂದು ದಿನ ಹಾಳೆಗಳನ್ನು ತೆಗೆದು ನೋಡಿ. ಚುಕ್ಕಿಗಳನ್ನಲ್ಲ, ಬರವಣಿಗೆಯನ್ನು. ನಿಜವಾದ ಹಾಳೆಯಲ್ಲಿ ಎಣ್ಣೆಯ ಹೆಬ್ಬೆಟ್ಟಿನ ಗುರುತು ಇರುತ್ತದೆ, ಎರಡು ಮೂರು ಪೆನ್ನಿನ ಬಣ್ಣ ಇರುತ್ತದೆ, ಹನ್ನೊಂದರ ಅಳತೆ ಹನ್ನೊಂದೂ ಇಪ್ಪತ್ತಕ್ಕೆ ಬರೆದಿರುತ್ತಾರೆ. ಒಂದೇ ಪೆನ್ನು, ಒಂದೇ ಓಟ, ಗಂಟೆಗೆ ಸರಿಯಾಗಿ 25.01, 25.00, 25.01, 25.00 ಅಂತ ಇದ್ದರೆ ಅದನ್ನು ಶಿಫ್ಟ್ ಮುಗಿಯುವ ಹೊತ್ತಿಗೆ ಕೂತು ತುಂಬಿಸಿದ್ದು. ಬೈಯಬೇಡಿ. ಅಳೆಯಲು ಸಮಯ ಸಿಗುತ್ತಿದೆಯಾ, ಮೈಕ್ರೋಮೀಟರ್ ಕೈಗೆಟಕುವ ಜಾಗದಲ್ಲಿದೆಯಾ, ಹೋದ ಸಲ ಚುಕ್ಕಿ ಗೆರೆ ದಾಟಿದಾಗ ನೀವು ಏನಂದಿರಿ ಅಂತ ಕೇಳಿ. ಬೇಕಾದರೆ ಗಂಟೆಗೊಂದರ ಬದಲು ಎರಡು ಗಂಟೆಗೊಂದು ಮಾಡಿ. ಮೊದಲ ಒಂದು ವಾರ ಮೈಕ್ರೋಮೀಟರ್ ಹಿಡಿದು ನೀವೇ ಬರೆಯಿರಿ.